'ಋಣ ತೀರಿತು' ಎಂಬ ಮಾತನ್ನು ಚುಕ್ತಾ ರಸೀದಿಯೆಂದು ಪರಿಗಣಿಸದಿರುವ ಬಗ್ಗೆ

ದಿವಾಳಿ ಶಾಖೆ
ಎರಡನೇ ಮಹಡಿ (ಲಿಫ್ಟ್ ಮೊದಲನೇ ಮಹಡಿಯವರೆಗೆ ಮಾತ್ರ)

ಸಂಖ್ಯೆ: ದಿಶಾ/ಋಣ/ಸುತ್ತೋಲೆ/೧೧
ದಿನಾಂಕ: ಮೊಹರು ಅಸ್ಪಷ್ಟ

ವಿಷಯ: ಸಂತಾಪ ಹೇಳುವಾಗ ಸಾರ್ವಜನಿಕರು 'ಋಣ' ಎಂಬ ಪದವನ್ನು ಬಳಸುವ, ಬಳಸದಿರುವ ಮತ್ತು ಬಳಸಿ ಪೇಚಿಗೆ ಸಿಲುಕುವ ಬಗ್ಗೆ.

ಉಲ್ಲೇಖ:
೧. ಬೋರ್ಡ್ ಬರೆಯುವವರೊಬ್ಬರು ತೀರಿಕೊಂಡ ಮರುದಿನ ಅವರ ಮನೆಯಲ್ಲಿ ನಲವತ್ತೊಂದು ಜನ ಆಡಿದ ಮಾತುಗಳು.
೨. ಅದೇ ದಿನ, ಅದೇ ಮನೆಯ ಬಾಗಿಲಲ್ಲಿ ಮೃತರ ಪತ್ನಿ ಆಡಿದ ಒಂದು ಮಾತು.
೩. ಸಾಲ ಕೊಟ್ಟ ಸಂಸ್ಥೆಯ ಆಕ್ಷೇಪಣಾ ಪತ್ರ.
೪. ಅಧೀಕ್ಷಕರ ಟಿಪ್ಪಣಿ: 'ಚರ್ಚಿಸಿ'.

ಪೀಠಿಕೆ:

ಅಂತ್ಯಕ್ರಿಯೆಯ ನಂತರದ ಮೊದಲ ಸಾಮಾನ್ಯ ಬೆಳಿಗ್ಗೆ, ಹತ್ತು ಗಂಟೆ ಹದಿನೈದು ನಿಮಿಷಕ್ಕೆ, ಈ ಶಾಖೆಯ ಕರಡು ಸಹಾಯಕಿಯು ಕೆಲಸಕ್ಕೆ ಹಾಜರಾಗಿ, ಮೇಜಿನ ಮೇಲಿದ್ದ ಒಂದೇ ಒಂದು ಕಡತವನ್ನು ತೆರೆದಾಗ, ಅದು ತನ್ನ ಗಂಡನದೆಂದು ಕಂಡುಬಂದಿರುತ್ತದೆ.

ಗಂಡನಿಗೆ ಸಾಲವಿದ್ದದ್ದು ಅವರಿಗೆ ತಿಳಿದದ್ದು ಈ ಕಡತದಿಂದ. ಕಡತವು ಆರು ತಿಂಗಳಿಂದ ಅವರ ಕುರ್ಚಿಯ ಹಿಂದಿನ ಕಪಾಟಿನಲ್ಲೇ ಇತ್ತು.

ಕಡತದ ಸಾರಾಂಶ ಹೀಗಿದೆ. ಉಲ್ಲೇಖ ೧ರ ಬೋರ್ಡ್ ಬರೆಯುವವರು (ಇನ್ನು ಮುಂದೆ 'ಮೃತರು') ಅಕ್ಷರ ಕತ್ತರಿಸುವ ಯಂತ್ರಕ್ಕೆಂದು ಸಾಲ ಪಡೆದಿದ್ದರು. ಯಂತ್ರ ಕೆಟ್ಟಿತು, ಸಾಲ ಕೆಡಲಿಲ್ಲ. ಕಂತುಗಳು ನಿಂತವು, ಸಾಲ ಕೊಟ್ಟ ಸಂಸ್ಥೆಯ ದೂರಿನ ಮೇಲೆ ಈ ಶಾಖೆಯಲ್ಲಿ ಕಡತ ತೆರೆಯಿತು. ಹೀಗಿರುವಾಗ ಒಂದು ಸಂಜೆ, ಕೆಲಸ ಮುಗಿಸಿ ಮನೆಗೆ ಮರಳುವ ಬಸ್ಸಿನಲ್ಲಿ, ಅವರು ಕುಳಿತಲ್ಲೇ ಮೃತಪಟ್ಟಿರುತ್ತಾರೆ. ವಯಸ್ಸು ಮೂವತ್ತನಾಲ್ಕು. ಇಳಿಯುವುದಕ್ಕೆ ಇನ್ನೂ ನಾಲ್ಕು ನಿಲ್ದಾಣ ಇತ್ತು.

ಸಂತಾಪ ಹೇಳಲು ಬಂದ ನಲವತ್ತೊಂದು ಜನರು 'ಋಣ ತೀರಿತು', 'ಋಣ ಅಷ್ಟೇ ಇತ್ತು', 'ಋಣ ಹರ್ಕೊಂಡು ಹೋದ' ಎಂದು ಹೇಳಿರುತ್ತಾರೆ. ಅಲ್ಲಿ ಹಾಜರಿದ್ದ ಈ ಶಾಖೆಯ ಸ್ವೀಕೃತಿ ಗುಮಾಸ್ತರು (ಶಾಖೆಯಲ್ಲಿ ಇವರನ್ನು ಮೊಹರಣ್ಣ ಎನ್ನುತ್ತಾರೆ) ಈ ಮಾತುಗಳನ್ನು ಒಂದೊಂದಾಗಿ ಬರೆದುಕೊಂಡು, ಮರುದಿನ ಕಡತದ ಮೇಲೆ 'ಋಣ ತೀರಿದೆ, ಸಾಕ್ಷಿಗಳು ೪೧' ಎಂದು ದಾಖಲಿಸಿ, ಚುಕ್ತಾ ಮೊಹರು ಒತ್ತಿ ಮುಚ್ಚಿರುತ್ತಾರೆ. ಅವರ ಶ್ರದ್ಧೆಯ ಬಗ್ಗೆ ಯಾರಿಗೂ ಅನುಮಾನವಿಲ್ಲ.

ಸಾಲ ಕೊಟ್ಟ ಸಂಸ್ಥೆಯು ಇದಕ್ಕೆ ಆಕ್ಷೇಪಿಸಿ, ತನ್ನಲ್ಲೂ ಒಂದು ಸಾಕ್ಷಿ ಇದೆಯೆಂದು ತಿಳಿಸಿದೆ. ಅಂದು ಬಾಗಿಲಲ್ಲಿ ನಿಂತಿದ್ದ ಪತ್ನಿಯು ಹೊರಡುವವರಿಗೆಲ್ಲ ಕೈಮುಗಿಯುತ್ತಾ, ಕೊನೆಯದಾಗಿ ಹೊರಟ ಒಬ್ಬರಿಗೆ 'ನಿಮ್ಮ ಋಣ ನನ್ನ ಮೇಲಿದೆ' ಎಂದಿರುತ್ತಾರೆ. ಆ ಒಬ್ಬರು ಸದರಿ ಸಂಸ್ಥೆಯ ವಸೂಲಿಗಾರರು. ಗಂಡನ ಪರಿಚಯದವರಿರಬೇಕೆಂದು ಪತ್ನಿ ಭಾವಿಸಿದ್ದರು. ಸಾಲವನ್ನು ತಾನು ವಹಿಸಿಕೊಂಡಿರುವುದಾಗಿ ಆಕೆ ಬಾಯಿಮಾತಿನಲ್ಲಿ ಒಪ್ಪಿದ್ದಾರೆ, ಇನ್ನು ಹನ್ನೊಂದು ವರ್ಷ ಅವರ ಸಂಬಳದಿಂದ ಕಂತು ಮುರಿದುಕೊಡಬೇಕು ಎಂಬುದು ಸಂಸ್ಥೆಯ ಕೋರಿಕೆ.

ಆದುದರಿಂದ ಇತ್ಯರ್ಥವಾಗಬೇಕಾದ ಪ್ರಶ್ನೆ ಒಂದೇ: ಬಾಗಿಲಲ್ಲಿ ಆಡಿದ ಆ ಮಾತಿನಿಂದ ಸಾಲವು ಪತ್ನಿಯ ಹೆಗಲಿಗೆ ಬಂದಿದೆಯೇ, ಇಲ್ಲವೇ?

ಈ ಸುತ್ತೋಲೆಯ ಕರಡನ್ನು ಸದರಿ ಪತ್ನಿಯೇ ಸಿದ್ಧಪಡಿಸಿದ್ದಾರೆ. ಶಾಖೆಯಲ್ಲಿ ಬೇರೆ ಕರಡು ಸಹಾಯಕರಿಲ್ಲ. ತನಗೆ ಸಂಬಂಧಪಟ್ಟ ವಿಷಯದ ಕರಡನ್ನು ತಾನೇ ಬರೆಯಬಾರದೆಂಬ ನಿಯಮವೊಂದು ಇದೆ. ಆ ನಿಯಮದ ಕರಡನ್ನೂ ಅವರೇ ಬರೆದಿದ್ದರಿಂದ, ಅದನ್ನು ಹೇಗೆ ಮೀರಬೇಕೆಂಬುದು ಅವರಿಗೇ ಚೆನ್ನಾಗಿ ತಿಳಿದಿರುತ್ತದೆಂದು ವಿನಾಯಿತಿ ನೀಡಲಾಗಿದೆ. ತೀರ್ಮಾನ ಮಾತ್ರ ಅಧೀಕ್ಷಕರದು.

ಮೇಲ್ಕಂಡ ಹಿನ್ನೆಲೆಯಲ್ಲಿ ಎಲ್ಲ ಸಿಬ್ಬಂದಿ, ಸಾಲಗಾರರು, ಸಾಲ ಕೊಟ್ಟವರು ಮತ್ತು ಸಂತಾಪ ಹೇಳುವವರಿಗೆ ಈ ಮೂಲಕ ಸೂಚಿಸಲಾಗಿದೆ ಏನೆಂದರೆ:

೧. ಸಾವಾದ ಮನೆಯ ಬಾಗಿಲನ್ನು ಯಾವ ವಸೂಲಿಗಾರರೂ 'ಮೊದಲ ಸಾಮಾನ್ಯ ಬೆಳಿಗ್ಗೆ'ಗೆ ಮುಂಚೆ ತಟ್ಟತಕ್ಕದ್ದಲ್ಲ. 'ಮೊದಲ ಸಾಮಾನ್ಯ ಬೆಳಿಗ್ಗೆ' ಎಂದರೆ, ಬಂದವರೆಲ್ಲ ಹೊರಟುಹೋಗಿ, ಹಾಲು ಎಂದಿನಷ್ಟೇ ಬಂದು, ಅದರಲ್ಲಿ ಅರ್ಧ ಉಳಿದುಹೋಗುವ ಬೆಳಿಗ್ಗೆ. ಹಾಲು ಉಳಿದಿದೆಯೇ ಎಂಬುದನ್ನು ವಸೂಲಿಗಾರರು ಬಾಗಿಲು ತಟ್ಟದೆಯೇ ಖಚಿತಪಡಿಸಿಕೊಳ್ಳತಕ್ಕದ್ದು. ಹಾಲು ತರಿಸದ ಮನೆಗಳ ಬಗ್ಗೆ ಪ್ರತ್ಯೇಕ ಆದೇಶ ಹೊರಡಿಸಲಾಗುವುದು. ಅಲ್ಲಿಯವರೆಗೆ ಅಂಥ ಮನೆಗಳಲ್ಲಿ ಬೆಳಗಾಗಿಲ್ಲವೆಂದೇ ತಿಳಿಯತಕ್ಕದ್ದು.

೨. ಆಡಳಿತದ ಅನುಕೂಲಕ್ಕಾಗಿ ಋಣವನ್ನು ಎರಡಾಗಿ ವಿಂಗಡಿಸಲಾಗಿದೆ.

ಋಣ (ಅ): ಕಾಗದ ಇರುವುದು.
ಋಣ (ಆ): ಕಾಗದ ಇಲ್ಲದಿರುವುದು.

ಋಣ (ಅ) ಹೊತ್ತವರು ತೀರಿಸಲಾಗದಿದ್ದಲ್ಲಿ ಈ ಶಾಖೆಯಲ್ಲಿ ದಿವಾಳಿ ಅರ್ಜಿ ಸಲ್ಲಿಸಬಹುದು. ಅರ್ಜಿ ದಾಖಲಾದ ದಿನದಿಂದ ಸಾಲ ಕೊಟ್ಟವರು ಮನೆಗೆ ಬರುವುದು, ಫೋನ್ ಮಾಡುವುದು, ಎದುರುಮನೆಯವರ ಕಿವಿಗೆ ಬೀಳುವಂತೆ ಕೆಮ್ಮುವುದು, ಎಲ್ಲವನ್ನೂ ನಿಲ್ಲಿಸತಕ್ಕದ್ದು. ದಿವಾಳಿಯಾಗುವುದು ಅಪರಾಧವಲ್ಲ. ಋಣ (ಆ) ಕುರಿತ ದಿವಾಳಿ ಅರ್ಜಿಗಳನ್ನು ಮಾತ್ರ ಯಾವ ಕಾರಣಕ್ಕೂ ಸ್ವೀಕರಿಸಲಾಗುವುದಿಲ್ಲ.

೩. ಮಾತಿನಲ್ಲಿ ಎರಡೂ ಒಂದೇ ರೀತಿ ಕೇಳಿಸುವುದರಿಂದ, ಋಣ (ಅ) ಎನ್ನುವಾಗ ಬಲಗೈಯನ್ನು ಜೇಬಿನ ಮೇಲೂ, ಋಣ (ಆ) ಎನ್ನುವಾಗ ಎದೆಯ ಮೇಲೂ ಇಟ್ಟುಕೊಳ್ಳತಕ್ಕದ್ದು. ಅಂಗಿಯ ಜೇಬು ಎದೆಯ ಮೇಲೇ ಇರುವವರು ಮೊದಲು ಅಂಗಿ ಬದಲಾಯಿಸತಕ್ಕದ್ದು. ಕೈಮುಗಿದುಕೊಂಡು 'ಋಣ' ಎಂದವರ ಕೈಗಳು ಎಲ್ಲಿದ್ದವೆಂದು ಹೇಳಲಾಗದ ಕಾರಣ, ಅಂಥವರ ಮಾತನ್ನು ಕಂಡಿಕೆ ೯ರಂತೆ ವಿಚಾರಣೆಗೆ ಒಳಪಡಿಸಲಾಗುವುದು.

೪. ನಲವತ್ತೊಂದು ಸಾಕ್ಷಿಗಳಿಗೂ, ಋಣ ತೀರಿದ್ದಕ್ಕೆ ರಸೀದಿ ಹಾಜರುಪಡಿಸುವಂತೆ ನೋಟೀಸು ನೀಡಲಾಗಿತ್ತು. ಉತ್ತರಿಸಿದವರು ಮೂವರು.

ಮೃತರ ಸೋದರಮಾವ, ವೃತ್ತಿಯಲ್ಲಿ ಟೈಲರ್: "ಸ್ವಾಮಿ, ಸತ್ತ ಮನೇಲಿ ಬಾಯಿ ಮುಚ್ಕೊಂಡು ಕೂತ್ರೆ ಸೊಕ್ಕು ಅಂತಾರೆ, ಮಾತಾಡಿದ್ರೆ ನೀವು ನೋಟೀಸ್ ಕೊಡ್ತೀರಿ. ಇನ್ಮೇಲೆ ಹೋಗಿ ಮೂಲೇಲಿ ಕೂತು ಕೆಮ್ಮಿ ಬರ್ತೀನಿ. ರಸೀದಿ ಎಲ್ಲಿಂದ ತರ್ಲಿ? ಬೇಕಾದ್ರೆ ಅಳತೆ ಚೀಟಿ ಇದೆ, ಅವನ ಮದುವೆ ಕೋಟಿಂದು."

ಅಳತೆ ಚೀಟಿಯನ್ನು ಪರಿಶೀಲಿಸಿ ಹಿಂದಿರುಗಿಸಲಾಗಿದೆ. ಎದೆ ಮೂವತ್ತೆಂಟು.

ಎರಡನೆಯವರು, ಎದುರುಮನೆಯ ನಿವೃತ್ತ ಕಂಡಕ್ಟರ್, ತಾವು 'ಋಣ ತೀರಿತು' ಎಂದಿಲ್ಲ, 'ಟೀ ಆರಿತು' ಎಂದದ್ದೆಂದೂ, ಗುಮಾಸ್ತರಿಗೆ ಕಿವಿ ಮಂದವೆಂದೂ ಬರೆದಿದ್ದಾರೆ. ಇದನ್ನು ಒಪ್ಪಿ ಸಾಕ್ಷಿಗಳ ಸಂಖ್ಯೆಯನ್ನು ನಲವತ್ತಕ್ಕೆ ಇಳಿಸಲಾಗಿದೆ.

ಮೂರನೆಯ ಉತ್ತರ ಮೃತರ ತಾಯಿಯದು. ಅದಕ್ಕೆ ಪ್ರತ್ಯೇಕ ಕಂಡಿಕೆ ಬೇಕಾಗಿದೆ.

೫. ಮೃತರ ತಾಯಿಯು ತಮ್ಮ ಉತ್ತರದಲ್ಲಿ, "ಏನೋ ಋಣಾನುಬಂಧ ಕಣಪ್ಪ, ಮೂವತ್ತನಾಲ್ಕು ವರ್ಷ ಇತ್ತು" ಎಂದು ಬರೆಸಿದ್ದರು. ಗುಮಾಸ್ತರು ಅದನ್ನು 'ಋಣ ನಮೂದಾಗಿದೆ, ಅನುಬಂಧ ಲಗತ್ತಿಸಿಲ್ಲ' ಎಂಬ ಷರಾದೊಂದಿಗೆ ಹಿಂದಿರುಗಿಸಿದರು. ತಾಯಿಯು ಖುದ್ದಾಗಿ ಬಂದು, ಮಹಡಿ ಹತ್ತಿದ ಸುಸ್ತಿನಲ್ಲಿ, "ಅದು ಲಗತ್ತಾಗೇ ಇರುತ್ತಪ್ಪ, ಕಾಣೋದಿಲ್ಲ ಅಷ್ಟೇ" ಎಂದರು. ಕಾಣದ ಅನುಬಂಧಕ್ಕೆ ಪುಟಸಂಖ್ಯೆ ಹಾಕಲು ಅವಕಾಶವಿಲ್ಲವೆಂದು ಮತ್ತೆ ಹಿಂದಿರುಗಿಸಲಾಯಿತು. ಮೂರನೇ ಬಾರಿ ಅವರು ಮುಂದಿನ ಹಲ್ಲು ಬಿದ್ದ ಹುಡುಗನೊಬ್ಬನ ಭಾವಚಿತ್ರವನ್ನು ಗುಂಡುಪಿನ್ನಿನಿಂದ ಚುಚ್ಚಿ ಕಳಿಸಿದರು. ಗುಮಾಸ್ತರು ಬಹಳ ಹೊತ್ತು ನೋಡಿ, ಹಿಂಬದಿಯಲ್ಲಿ 'ಅನುಬಂಧ ೧, ಒಂದು ಹಾಳೆ' ಎಂದು ಬರೆದು ಸ್ವೀಕರಿಸಿದ್ದಾರೆ. ಮೊಹರು ಒತ್ತಿಲ್ಲ. ಕೇಳಿದ್ದಕ್ಕೆ ಇಂಕು ಒಣಗಿತ್ತೆಂದರು.

ಇನ್ನು ಮುಂದೆ 'ಋಣಾನುಬಂಧ'ವನ್ನು ಒಂದೇ ಪದವೆಂದು ಓದತಕ್ಕದ್ದು. ಬಿಡಿಸಿ ಓದಿದ ಸಿಬ್ಬಂದಿಯು ಅದನ್ನು ಸ್ವಂತ ಖರ್ಚಿನಲ್ಲಿ ಮತ್ತೆ ಕೂಡಿಸಿಕೊಡತಕ್ಕದ್ದು.

೬. ಈ ಶಾಖೆಯಲ್ಲಿ ಎಲ್ಲ ಬಗೆಯ ಋಣಕ್ಕೂ ಹಕ್ಕುಕೋರಿಕೆ ಸ್ವೀಕರಿಸಲಾಗುತ್ತಿದೆ ಎಂಬ ಸುದ್ದಿ ಹಬ್ಬಿ, ಮೃತರ ವಿರುದ್ಧ ಕೆಳಕಂಡ ಕೋರಿಕೆಗಳು ಬಂದಿವೆ.

(ಅ) ಪ್ರಾಥಮಿಕ ಶಾಲೆಯ ಮೇಷ್ಟ್ರು: "ಅಕ್ಷರ ಕಲಿಸಿದವನು ನಾನು. ಆ ಅಕ್ಷರದಿಂದ್ಲೇ ಅವನು ಬೋರ್ಡ್ ಬರೆದು ಉಂಡಿದ್ದು. ಶೇಕಡಾ ಎಷ್ಟು ಬರುತ್ತೋ ನೀವೇ ಲೆಕ್ಕ ಹಾಕಿ. 'ಋ' ಒಂದನ್ನ ಬಿಟ್ಟುಬಿಡಿ, ಅದು ಅವನಿಗೆ ಕೊನೇವರೆಗೂ ನೆಟ್ಟಗೆ ಬರಲಿಲ್ಲ." ಮೇಷ್ಟ್ರ ಪ್ರಾಮಾಣಿಕತೆಯನ್ನು ಶಾಖೆಯು ಮೆಚ್ಚಿದೆ. ಕೋರಿಕೆಯನ್ನು ತಿರಸ್ಕರಿಸಿದೆ.

(ಆ) ಪಕ್ಕದ ಬೀದಿಯ ಒಬ್ಬರು, ಹಿಂದಿನ ಜನ್ಮದಲ್ಲಿ ಮೃತರು ತಮ್ಮಿಂದ ಒಂದು ಹಸು ಪಡೆದಿದ್ದರೆಂದು. ಹಿಂದಿನ ಜನ್ಮದ ಋಣಗಳು ಕಾಲಮಿತಿ ಮೀರಿರುತ್ತವೆ. ಈ ಜನ್ಮದಲ್ಲಿ ಮೂರು ವರ್ಷದೊಳಗೆ ಲಿಖಿತವಾಗಿ ಒಪ್ಪಿಕೊಂಡಿದ್ದಲ್ಲಿ ಮಾತ್ರ ಪರಿಶೀಲಿಸಲಾಗುವುದು, ಹಸುವನ್ನು ಹಾಜರುಪಡಿಸಬೇಕು.

(ಇ) ಈ ಶಾಖೆಯ ನೀರಿನ ಡ್ರಮ್ಮಿಗೆ 'ಕುಡಿಯುವ ನೀರು' ಎಂದು ಬರೆದದ್ದಕ್ಕೆ ಮೃತರು ಹಣ ಪಡೆದಿಲ್ಲವೆಂದೂ, ಹೀಗಾಗಿ ಶಾಖೆಯೇ ಮೃತರಿಗೆ ಋಣಿಯೆಂದೂ ಒಂದು ಅನಾಮಧೇಯ ಪತ್ರ. ಅನಾಮಧೇಯ ಪತ್ರಗಳನ್ನು ಪರಿಗಣಿಸಲಾಗುವುದಿಲ್ಲ. ಅಕ್ಷರ ಮೊಹರಣ್ಣನದು.

೭. ವಸೂಲಿಗಾರರು ತಮ್ಮ ವರದಿಗಳಲ್ಲಿ ಆಡುಮಾತನ್ನು ಬಳಸುವುದರಿಂದ ಶಾಖೆಯ ಸಮಯ ವ್ಯರ್ಥವಾಗುತ್ತಿದೆ. 'ಟೋಪಿ ಹಾಕಿ ಹೋದ' ಎಂದು ಬರೆದದ್ದರಿಂದ ಸ್ವತ್ತು ಪರಿಶೀಲಕರು ಮೃತರ ಮನೆಯಲ್ಲಿ ಎರಡು ಗಂಟೆ ಟೋಪಿ ಹುಡುಕಿದ್ದಾರೆ. ಪಟ್ಟಿಯಲ್ಲಿ 'ಟೋಪಿ: ದೊರೆತಿಲ್ಲ, ಹಾಕಿಕೊಂಡೇ ಹೋಗಿರಬಹುದು' ಎಂದು ನಮೂದಾಗಿದೆ. 'ಸಾಲದಲ್ಲಿ ಮುಳುಗಿದ್ದೇನೆ' ಎನ್ನುವ ಅರ್ಜಿದಾರರು ಎಲ್ಲಿಯವರೆಗೆ ಎಂಬುದನ್ನು ತಿಳಿಸತಕ್ಕದ್ದು: ಪಾದ, ಮೊಣಕಾಲು, ಸೊಂಟ, ಕುತ್ತಿಗೆ. ಕುತ್ತಿಗೆಯವರೆಗೆ ಮುಳುಗಿದವರಿಗೆ ಅರ್ಜಿಯನ್ನು ಒದ್ದೆಯಾಗದಂತೆ ಮೇಲೆತ್ತಿ ಹಿಡಿಯಲು ಜವಾನರ ನೆರವು ಒದಗಿಸಲಾಗುವುದು. 'ಕೈ ಎತ್ತಿದವರು' ಯಾವ ಕೈ ಎಂದು ಬರೆಯತಕ್ಕದ್ದು. ಋಣಭಾರ ಪ್ರಮಾಣಪತ್ರ ಕೇಳಿ ಬಂದವರನ್ನು ತೂಗುವ ಪದ್ಧತಿಯನ್ನು ತಕ್ಷಣದಿಂದ ಕೈಬಿಡಲಾಗಿದೆ. ತೂಕದ ಯಂತ್ರವನ್ನು ಕ್ಯಾಂಟೀನಿಗೆ ಮರಳಿಸತಕ್ಕದ್ದು.

೮. ಸಾಲದ ಬಗ್ಗೆ ಉಚಿತ ಸಲಹೆ ಪಡೆಯುವ ವಿಧಾನ.

ಸಾಲಗಾರರಿಗೆ ಸಲಹೆ ನೀಡಲು ಇದೇ ಮಹಡಿಯ ಆರನೇ ಕೊಠಡಿಯಲ್ಲಿ ಸಲಹೆಗಾರ್ತಿಯೊಬ್ಬರಿದ್ದಾರೆ. ಇದು ಬಹುತೇಕರಿಗೆ ತಿಳಿದಿಲ್ಲ. ತಿಳಿಸುವ ಸಲುವಾಗಿ ಬಾಗಿಲ ಮೇಲೆ ಎರಡು ಬೋರ್ಡ್ ಬರೆಯುವ ಕೆಲಸವನ್ನು ಮೃತರಿಗೇ ವಹಿಸಲಾಗಿತ್ತು. ಅವರು ಬಸ್ಸಿನಲ್ಲಿ ಮೃತಪಟ್ಟದ್ದು ಈ ಕೆಲಸದ ಎರಡನೇ ದಿನದ ಸಂಜೆ.

ಮೊದಲನೇ ಬೋರ್ಡ್, 'ಸಾಲಗಾರರಿಗೆ ಸಲಹೆ: ಉಚಿತ', ಪೂರ್ಣಗೊಂಡಿದೆ. ಎರಡನೆಯದು 'ಸಾಲು ಇಲ್ಲಿಂದ' ಎಂದಿರಬೇಕಿತ್ತು. ಕೆಂಪು ಬಣ್ಣ ಮುಗಿದದ್ದರಿಂದ ಮೃತರು 'ಲ'ಕಾರಕ್ಕೆ ಕೊಂಬು ಹಾಕದೆ ಇಳಿದಿದ್ದಾರೆ. ಬೋರ್ಡ್ ಈಗ 'ಸಾಲ ಇಲ್ಲಿಂದ' ಎಂದಿದೆ. ಪರಿಣಾಮವನ್ನು ಸಲಹೆಗಾರ್ತಿಯು ಹೀಗೆ ತಿಳಿಸಿದ್ದಾರೆ:

"ಇಪ್ಪತ್ತಾರು ಜನ ಬಂದ್ರು. ಎಲ್ರಿಗೂ ಸಾಲ ಬೇಕಂತೆ. ಅಯ್ಯಾ, ನಾನು ಸಾಲ ತೀರಿಸೋ ದಾರಿ ಹೇಳೋಳು ಅಂದ್ರೆ, 'ನೀವು ಮೊದ್ಲು ಕೊಡಿ ಮೇಡಂ, ತೀರಿಸೋ ವಿಷ್ಯ ಆಮೇಲೆ ಕೂತು ಮಾತಾಡೋಣ' ಅಂತಾರೆ. ಒಬ್ರು ಜಾಮೀನಿಗೆ ಭಾವನ್ನೂ ಕರ್ಕೊಂಡು ಬಂದಿದ್ರು."

ಸದರಿ ಸಲಹೆಗಾರ್ತಿಯು, ಕೇಳದಿದ್ದರೂ, ಇನ್ನೊಂದು ಹೇಳಿಕೆ ನೀಡಿದ್ದಾರೆ: "ಎರಡು ದಿನ ನನ್ನ ಬಾಗಿಲ ಮೇಲೇ ಇದ್ರು. ಒಳಗೆ ಮಾತ್ರ ಬರ್ಲಿಲ್ಲ. ಟೀ ಕೊಟ್ಟು ತಮಾಷೆಗೆ ಕೇಳ್ದೆ, ನಿಮಗೇನಾದ್ರೂ ಸಾಲ ಗೀಲ ಇದ್ಯೇನ್ರೀ ಅಂತ. 'ನಂಗ್ಯಾಕೆ ಮೇಡಂ, ನಮ್ಮನೆಯವಳೇ ನಿಮ್ಮ ಆಫೀಸಲ್ಲಿದ್ದಾಳಲ್ಲ' ಅಂದ್ರು. ನಕ್ಕೆ ನಾನು."

ಈ ಹೇಳಿಕೆಯು ಯಾವ ಕಂಡಿಕೆಗೂ ಸೇರುವುದಿಲ್ಲ. ಇಲ್ಲೇ ಇರಲಿ ಎಂದು ಅಧೀಕ್ಷಕರು ಸೂಚಿಸಿದ್ದಾರೆ.

ಸಲಹೆ ಪಡೆಯಲು ಬರುವವರು ಕೆಳಕಂಡವನ್ನು ಗಮನಿಸತಕ್ಕದ್ದು. ಸತ್ತವರ ಸಾಲವು ಅವರು ಬಿಟ್ಟುಹೋದ ಸ್ವತ್ತಿನಿಂದ ಮಾತ್ರ ತೀರುತ್ತದೆ. ಸ್ವತ್ತು ಮುಗಿದಲ್ಲಿ ಸಾಲವೂ ಮುಗಿಯುತ್ತದೆ. ಸಾಲಪತ್ರಕ್ಕೆ ತಾವು ಸಹಿ ಮಾಡಿರದಿದ್ದಲ್ಲಿ, ಜಾಮೀನು ನಿಂತಿರದಿದ್ದಲ್ಲಿ, ಹೆಂಡತಿಗಾಗಲಿ ತಾಯಿಗಾಗಲಿ ಅದು ತಗಲುವುದಿಲ್ಲ. ಅಳುತ್ತಿರುವಾಗ ಯಾರಾದರೂ ಪೆನ್ನು ಕೊಟ್ಟರೆ ಪೆನ್ನನ್ನು ಮಾತ್ರ ಪಡೆಯತಕ್ಕದ್ದು. ಅಡುಗೆ ಪಾತ್ರೆ, ಹಾಸಿಗೆ, ಬಟ್ಟೆ, ದುಡಿಮೆಯ ಉಪಕರಣಗಳನ್ನು ಯಾರೂ ಒಯ್ಯುವಂತಿಲ್ಲ.

ಸಾಲವಿರುವವರು ಅದನ್ನು ಮೊದಲು ಮನೆಯಲ್ಲಿ ಹೇಳತಕ್ಕದ್ದು. ಇದಕ್ಕೆ ನಮೂನೆ ಇಲ್ಲ, ಶುಲ್ಕವಿಲ್ಲ, ಕಚೇರಿ ಸಮಯವಿಲ್ಲ. ಊಟ ಮಾಡುತ್ತಾ ಹೇಳಬಹುದು. ದೀಪ ಆರಿಸಿ ಮಲಗಿದ ಮೇಲೂ ಹೇಳಬಹುದು.

೯. ಬಾಗಿಲಲ್ಲಿ ಆಡಿದ ಮಾತಿನ ವಿಚಾರಣೆ.

ಪತ್ನಿಯು ಆ ಮಾತನ್ನಾಡುವಾಗ ಕೈಮುಗಿದಿದ್ದರಿಂದ, ಕಂಡಿಕೆ ೩ರಂತೆ ಕೈಗಳ ಆಧಾರದಲ್ಲಿ ತೀರ್ಮಾನ ಸಾಧ್ಯವಾಗಿಲ್ಲ. ಯಾವ ಋಣ ಎಂದು ಪತ್ನಿಯನ್ನು ಕೇಳಲಾಗಿ, ತಾನು ಹಾಗೆ ಹೇಳಿದ್ದು ನೆನಪಿಲ್ಲವೆಂದೂ, ಹೇಳಿರಬಹುದೆಂದೂ ಬರೆದುಕೊಟ್ಟಿದ್ದಾರೆ. ಬಳಿಕ ವಸೂಲಿಗಾರರನ್ನು ಕರೆಸಲಾಯಿತು. ಅವರ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ:

"ನಾನವತ್ತು ಕಂತು ಕೇಳೋಕೇ ಹೋಗಿದ್ದು ಸಾರ್. ಸುಳ್ಳು ಯಾಕೆ ಹೇಳ್ಲಿ. ನೋಡಿದ್ರೆ ಮನೆ ಮುಂದೆ ಜನ. ವಾಪಸ್ ಬರೋಣ ಅಂದ್ರೆ ಯಾರೋ ಅಜ್ಜ ಕೈಗೆ ನಾಕು ಕುರ್ಚಿ ಕೊಟ್ಟು 'ಹಾಕಪ್ಪ' ಅಂದ್ರು. ಹಾಕ್ದೆ. ಆಮೇಲೆ ನೀರು ಕೊಡು ಅಂದ್ರು, ಕೊಟ್ಟೆ. ಸಂಜೆವರೆಗೂ ಅದೇ ಆಯ್ತು. ಹೊರಡೋವಾಗ ಅಮ್ಮಾವ್ರು ಕೈಮುಗಿದು ಋಣ ಅಂದ್ರು. ಆಫೀಸಿಗೆ ಹೋದ್ರೆ, ಇಡೀ ದಿನ ಏನ್ ಕಡಿದೆ, ಬರಿಗೈಲಿ ಬಂದಿದೀಯಲ್ಲ ಅಂತ ಉಗಿದ್ರು. ಏನಾದ್ರೂ ಹೇಳ್ಬೇಕಲ್ಲ ಸಾರ್. ಇದನ್ನ ಹೇಳ್ದೆ."

ಸದರಿ ಋಣವು ಯಂತ್ರಕ್ಕೆ ಸಂಬಂಧಿಸಿದ್ದೋ, ನೀರಿಗೆ ಸಂಬಂಧಿಸಿದ್ದೋ ಎಂದು ಕೇಳಲಾಯಿತು. ಉತ್ತರ: "ನೀರಿಗೆ ಸಾರ್." ಹೊರಡಲು ಎದ್ದವರು: "ಕುರ್ಚಿಗೂ."

ಆದುದರಿಂದ 'ನಿಮ್ಮ ಋಣ ನನ್ನ ಮೇಲಿದೆ' ಎಂಬ ಮಾತು ಋಣ (ಆ) ವರ್ಗಕ್ಕೆ ಸೇರಿದ್ದೆಂದೂ, ಸಾಲವು ಪತ್ನಿಯ ಮೇಲೆ ಬಂದಿಲ್ಲವೆಂದೂ, ಸಂಬಳದಿಂದ ಏನನ್ನೂ ಮುರಿಯತಕ್ಕದ್ದಲ್ಲವೆಂದೂ ಅಧೀಕ್ಷಕರು ತೀರ್ಮಾನಿಸಿದ್ದಾರೆ. ಅದೇ ಲೆಕ್ಕದಲ್ಲಿ, 'ಋಣ ತೀರಿತು' ಎಂಬ ನಲವತ್ತು ಮಾತುಗಳಿಂದ ಯಂತ್ರದ ಸಾಲ ತೀರಿಲ್ಲ. ಚುಕ್ತಾ ಮೊಹರನ್ನು ಅಳಿಸತಕ್ಕದ್ದು. ಮೃತರ ಸ್ವಂತದ್ದು ಏನಿದೆಯೋ ಅದು ಸಂಸ್ಥೆಗೆ. ಮಿಕ್ಕದ್ದಕ್ಕೆ ಸಂಸ್ಥೆಯು ಕೈ ಎತ್ತತಕ್ಕದ್ದು. (ಯಾವ ಕೈ ಎಂಬುದನ್ನು ಕಂಡಿಕೆ ೭ರಂತೆ ತಿಳಿಸುವುದು.)

ಅಧೀಕ್ಷಕರು ಈ ತೀರ್ಮಾನಕ್ಕೆ ಮುನ್ನ ಕಡತದಲ್ಲಿ 'ಚರ್ಚಿಸಿ' ಎಂದು ಬರೆದಿದ್ದರು. ಕರಡು ಸಹಾಯಕಿಯು ಚರ್ಚೆಗೆ ಹಾಜರಾದರು. "ಊಟ ಆಯ್ತೇನಮ್ಮ?" ಎಂದು ಕೇಳಲಾಯಿತು. ಆಯಿತೆಂದು ಉತ್ತರಿಸಲಾಯಿತು. ಚರ್ಚಿಸಲಾಗಿದೆ.

೧೦. ಮೃತರ ಸ್ವಂತದ್ದು ಏನಿದೆ ಎಂಬ ಬಗ್ಗೆ.

ಸ್ವತ್ತು ಪರಿಶೀಲಕರ ಪಟ್ಟಿಯಂತೆ: ಕೆಟ್ಟ ಯಂತ್ರ, ಒಂದು. ಕೈಗಡಿಯಾರ, ಒಂದು, ನಡೆಯುತ್ತಿದೆ. ಬ್ರಷ್, ಹತ್ತೊಂಬತ್ತು (ಉಪಕರಣ, ಮುಟ್ಟುವಂತಿಲ್ಲ). ಇದಲ್ಲದೆ, ಈ ಕಚೇರಿಯ ಕಾರಿಡಾರಿನಲ್ಲಿ, ಆರನೇ ಕೊಠಡಿಯ ಬಾಗಿಲಿಗೆ ಒರಗಿಸಿದ ಒಂದು ಮರದ ಏಣಿ. ಮೆಟ್ಟಿಲು ಹನ್ನೊಂದು. ಕೊಂಬು ಹಾಕಲು ಮರುದಿನ ಬರುವುದಿತ್ತಾದ್ದರಿಂದ ಮೃತರು ಏಣಿಯನ್ನು ಅಲ್ಲೇ ಬಿಟ್ಟುಹೋಗಿದ್ದರು.

ಸಂಸ್ಥೆಯು ಈ ಏಣಿಯನ್ನು ಮೃತರ ಸ್ವತ್ತೆಂದು ಗುರುತಿಸಿ ಸೀಮೆಸುಣ್ಣದಿಂದ 'ಜಪ್ತಿ' ಎಂದು ಬರೆಸಿತ್ತು. ಜಪ್ತಿಯಾದ ವಸ್ತುಗಳು ಸಂಬಂಧಪಟ್ಟ ಕಡತದೊಂದಿಗೇ ಇರತಕ್ಕದ್ದೆಂಬ ನಿಯಮದಂತೆ, ಮೊಹರಣ್ಣನವರು ಏಣಿಯನ್ನು ಕೆಂಪು ದಾರದಿಂದ ಕಡತಕ್ಕೆ ಕಟ್ಟಿದ್ದಾರೆ. ಅಂದಿನಿಂದ ಕಡತ ಎಲ್ಲಿಗೆ ಹೋದರೂ ಏಣಿ ಹೋಗಿದೆ. ಅಧೀಕ್ಷಕರ ಕೊಠಡಿಯಲ್ಲಿ ಏಳು ಮೆಟ್ಟಿಲು ಮಾತ್ರ ಹಿಡಿಸಿದ್ದರಿಂದ ಮಿಕ್ಕ ನಾಲ್ಕು ಮೆಟ್ಟಿಲುಗಳ ಬಗ್ಗೆ ಅವರು ಅಭಿಪ್ರಾಯ ನೀಡಿಲ್ಲ.

ಈ ಹಂತದಲ್ಲಿ ಮೃತರ ಕೆಳಮನೆಯಲ್ಲಿ ವಾಸವಿರುವ ಎಲೆಕ್ಟ್ರಿಷಿಯನ್, ಕಚೇರಿಯ ಫ್ಯಾನ್ ರಿಪೇರಿಗೆಂದು ಬಂದವರು, ಏಣಿಯನ್ನು ನೋಡಿ ನಿಂತುಬಿಟ್ಟದ್ದು ಗಮನಕ್ಕೆ ಬಂದು ವಿಚಾರಿಸಲಾಯಿತು:

"ನಂದೇ ಸಾರ್ ಏಣಿ. ಒಂದಿನಕ್ಕೆ ಅಂತ ಒಯ್ದಿದ್ದ. ಅವನೇ ಹೋದ್ಮೇಲೆ ಆ ಹುಡುಗಿ ಹತ್ರ ಯಾವ ಬಾಯಲ್ಲಿ ಏಣಿ ಕೊಡಮ್ಮ ಅನ್ನೋದು? ಸದ್ಯಕ್ಕೆ ಸ್ಟೂಲ್ ಮೇಲೆ ಡಬ್ಬ ಇಟ್ಕೊಂಡು ಮ್ಯಾನೇಜ್ ಮಾಡ್ತಿದೀನಿ. ಒಂದ್ಸಲ ಬಿದ್ದೆ, ಅಷ್ಟೇ. ಅದೇನ್ ದೊಡ್ಡ ವಿಷ್ಯ ಅಲ್ಲ, ಅದನ್ನ ಬರ್ಕೋಬೇಡಿ."

ಬರೆದುಕೊಳ್ಳಲಾಗಿದೆ.

ಎಲೆಕ್ಟ್ರಿಷಿಯನ್ ಬಳಿ ಏಣಿಯ ಬಗ್ಗೆ ಯಾವ ಕಾಗದವೂ ಇಲ್ಲ. ಆದ್ದರಿಂದ ಶಾಖೆಯ ಮುಂದೆ ಮೂರು ದಾರಿಗಳಿದ್ದವು. ಏಣಿಯು ಮೃತರದಾದಲ್ಲಿ ಹರಾಜಿಗೆ. ಮೃತರ ಉಪಕರಣವಾದಲ್ಲಿ ಪತ್ನಿಗೆ. ಎರವಲು ತಂದದ್ದಾದಲ್ಲಿ ಕೊಟ್ಟವರಿಗೆ. ಪತ್ನಿಯು ಹೇಳಿದ್ದನ್ನೇ ಅಂತಿಮವೆಂದು ಪರಿಗಣಿಸಲು ತೀರ್ಮಾನಿಸಲಾಯಿತು. ಅಧೀಕ್ಷಕರು, "ಉಪಕರಣ ಅಂತ ಬರ್ಕೊಳ್ಳಮ್ಮ. ಒಳ್ಳೇ ಮರ, ನಾಳೆ ಮಾರಿದ್ರೂ ಕೈಗೆ ನಾಕು ಕಾಸು ಬರುತ್ತೆ. ಯಾರು ಕೇಳ್ತಾರೆ" ಎಂದು ಮೌಖಿಕವಾಗಿ ಸೂಚಿಸಿದ್ದರು.

ಕರಡು ಸಹಾಯಕಿಯು ಕಡತದಲ್ಲಿ ಬರೆದ ಟಿಪ್ಪಣಿ: 'ಏಣಿ ನಮ್ಮದಲ್ಲ.'

ಇದು ಈ ಶಾಖೆಯ ಕಡತಗಳಲ್ಲೇ ಅತಿ ಚಿಕ್ಕ ಟಿಪ್ಪಣಿಯಾಗಿದ್ದು, ಇಷ್ಟು ಚಿಕ್ಕದಾಗಿ ಬರೆಯುವುದು ಇತರ ಸಿಬ್ಬಂದಿಗೆ ಮಾದರಿಯಾಗದಂತೆ ನೋಡಿಕೊಳ್ಳತಕ್ಕದ್ದು.

೧೧. ಏಣಿಯನ್ನು ಕಡತದಿಂದ ಬಿಚ್ಚಲು ಆದೇಶಿಸಲಾಗಿದೆ. ಗಂಟು ಬಿಗಿಯಾಗಿದ್ದಲ್ಲಿ ಕತ್ತರಿಸಬಹುದು. ದಾರದ ಬೆಲೆಯನ್ನು ಶಾಖೆಯು ಭರಿಸುವುದು.

೧೨. ಏಣಿಯು ಕಚೇರಿಯಿಂದ ಹೊರಟುಹೋದ ಮೇಲೆ ಬೋರ್ಡನ್ನು ಸರಿಪಡಿಸಲು ಬೇರೆ ಏಣಿ ಇರುವುದಿಲ್ಲ. ಕೊಂಬಿಲ್ಲದ ಕಾರಣಕ್ಕೆ ಲೆಕ್ಕಪತ್ರ ವಿಭಾಗವು ಎರಡೂ ಬೋರ್ಡುಗಳ ಬಿಲ್ಲನ್ನು ತಡೆಹಿಡಿದಿದೆ. ಆದ್ದರಿಂದ ಬಾಕಿಯಿದ್ದ ಒಂದು ಕೊಂಬನ್ನು, ಏಣಿ ಹೊರಡುವ ಮುನ್ನ, ಊಟದ ವಿರಾಮದಲ್ಲಿ, ಕರಡು ಸಹಾಯಕಿಯೇ ಹತ್ತಿ ಬರೆದಿರುತ್ತಾರೆ. ಸಲಹೆಗಾರ್ತಿಯು ಏಣಿ ಹಿಡಿದುಕೊಂಡಿದ್ದರು. ಕೊಂಬು ಸ್ವಲ್ಪ ವಾಲಿದೆ. ಬಣ್ಣದಲ್ಲಿಯೂ ಒಂದಿಷ್ಟು ವ್ಯತ್ಯಾಸವಿದೆ. ಬೋರ್ಡ್ ಬರೆದವರು ಒಬ್ಬರು, ಕೊಂಬು ಬರೆದವರು ಇನ್ನೊಬ್ಬರು ಎಂಬ ಆಕ್ಷೇಪಣೆ ಈಗಾಗಲೇ ಬಂದಿದ್ದು, ಇಬ್ಬರನ್ನೂ ಒಂದೇ ಎಂದು ಪರಿಗಣಿಸಲು ಕೋರಲಾಗಿದೆ. ಬಿಲ್ ಮಂಜೂರಾದಲ್ಲಿ ಆ ಹಣ ಮೃತರ ಸ್ವಂತದ್ದಾಗುವುದರಿಂದ ಸಂಸ್ಥೆಗೆ ಸಲ್ಲುತ್ತದೆ.

ಮೇಲ್ಕಂಡ ಸೂಚನೆಗಳನ್ನು ಚಾಚೂ ತಪ್ಪದೆ ಪಾಲಿಸತಕ್ಕದ್ದು. ತಪ್ಪಿದಲ್ಲಿ ಇನ್ನೊಂದು ಸುತ್ತೋಲೆ ಹೊರಡಿಸಲಾಗುವುದು.

ಸಹಿ/-
ಅಧೀಕ್ಷಕರು (ಪ್ರಭಾರ)
ದಿವಾಳಿ ಶಾಖೆ

ಕರಡು: ಕ.ಸ.
ಹೋಲಿಕೆ ನೋಡಿದವರು: ಕ.ಸ.

ಪ್ರತಿಗಳು:

೧. ಸಾಲ ಕೊಟ್ಟ ಸಂಸ್ಥೆಗೆ, ಕೈಗಡಿಯಾರ ಹಾಗೂ ಯಂತ್ರ ಸಹಿತ. ಗಡಿಯಾರವು ಐದು ನಿಮಿಷ ಮುಂದಿದೆ. ಮೃತರು ಹಾಗೇ ಇಟ್ಟುಕೊಂಡಿದ್ದರು.
೨. ವಸೂಲಿಗಾರರಿಗೆ, ಕುರ್ಚಿ ಹಾಗೂ ನೀರಿನ ಬಾಬ್ತು ಕೃತಜ್ಞತೆಗಳೊಂದಿಗೆ. ಈ ಪ್ರತಿಯನ್ನು ಒಪ್ಪಿಗೆ ಪತ್ರವೆಂದು ಪರಿಗಣಿಸತಕ್ಕದ್ದಲ್ಲ.
೩. ನಲವತ್ತು ಸಾಕ್ಷಿಗಳಿಗೆ. (ನಿವೃತ್ತ ಕಂಡಕ್ಟರ್ ಹೊರತುಪಡಿಸಿ. ಅವರಿಗೆ ಟೀ.)
೪. ಹಸುವಿನ ಹಕ್ಕುದಾರರಿಗೆ, ಮುಂದಿನ ಜನ್ಮದಲ್ಲಿ ಮೇಲ್ಮನವಿ ಸಲ್ಲಿಸಲು ಅವಕಾಶವಿದೆಯೆಂಬ ಮಾಹಿತಿಗಾಗಿ.
೫. ಮೃತರ ತಾಯಿಗೆ. ಅನುಬಂಧ ೧ ಅನ್ನು ಹಿಂದಿರುಗಿಸಲು ಸ್ವೀಕೃತಿ ಗುಮಾಸ್ತರು ಒಪ್ಪುತ್ತಿಲ್ಲ, ನಕಲು ಕಳಿಸಲಾಗಿದೆ.
೬. ಲೆಕ್ಕಪತ್ರ ವಿಭಾಗಕ್ಕೆ, ಕೊಂಬನ್ನು ಖುದ್ದು ಪರಿಶೀಲಿಸಲು.
೭. ಗೇಟಿನ ಕಾವಲುಗಾರರಿಗೆ, ಏಣಿಯೊಂದನ್ನು ಹೊತ್ತು ಹೋಗುವ ಮಹಿಳೆಯನ್ನು ತಡೆಯದಿರಲು.
೮. ಬಸ್ಸಿನ ಕಂಡಕ್ಟರಿಗೆ ಕಳಿಸಿದ್ದ ಪ್ರತಿ ಹಿಂದಿರುಗಿದೆ. ಏಣಿಗೆ ಬಸ್ಸಿನಲ್ಲಿ ಅವಕಾಶವಿಲ್ಲವಂತೆ. ನಡೆದೇ ಹೋಗಲಾಗಿದೆ.
೯. ಕೆಳಮನೆಯ ಎಲೆಕ್ಟ್ರಿಷಿಯನ್ ಅವರಿಗೆ, ಏಣಿ ಸಹಿತ. ಕರಡು ಸಹಾಯಕಿಯು ಖುದ್ದಾಗಿ ತಲುಪಿಸಿದ್ದಾರೆ. ಸ್ವೀಕೃತಿ ಚೀಟಿಯಲ್ಲಿ ಅಚ್ಚಾಗಿರುವ 'ಋಣ ತೀರಿತು' ಎಂಬ ಸಾಲನ್ನು ಸದರಿಯವರು ಹೊಡೆದುಹಾಕಿ, ಕೆಳಗೆ 'ಏಣಿ ಬಂತು' ಎಂದಷ್ಟೇ ಬರೆದು ಸಹಿ ಮಾಡಿರುತ್ತಾರೆ.